ಚಳಿಗಾಲ ಬಂತು, ಮಾವಿನ ಮರ ಸವರಿಸಲಾ?

ಪ್ರಶ್ನೆ: ನಮ್ಮದು ಮೈಸೂರಿನಲ್ಲಿ 40–60 ಸೈಟಿನ ಮನೆ. ಗೇಟಿನ ಒಳಗಡೆ ದೊಡ್ಡದೊಂದು ಹೊಂಗೆ ಮರ ಇದೆ. ಪಕ್ಕದಲ್ಲಿ ಬಾದಾಮಿ ಮಾವು, ಕಸಿ ಗಿಡ, ನೆಟ್ಟು 18 ವರ್ಷ ಆಯಿತು. ಹಿತ್ತಲಲ್ಲಿ ತೆಂಗು, ನುಗ್ಗೆ, ಪಾರಿಜಾತ. ಮಗಳು ಅಮೆರಿಕದ ಮಿಷಿಗನ್‌ನಲ್ಲಿದ್ದಾಳೆ. ಅಲ್ಲಿ ಮರ ಸವರುವ ಕೆಲಸವೆಲ್ಲ ಚಳಿಗಾಲದಲ್ಲೇ ಅಂತೆ, ಆಗ ಮರ ನಿದ್ದೆಯಲ್ಲಿರುತ್ತದಂತೆ. ಹಾಗಾಗಿ ಡಿಸೆಂಬರ್‌ನಲ್ಲಿ ಆಳು ಕರೆಸಿ ಎಲ್ಲ ಮರಗಳನ್ನೂ ಒಂದೇ ಸಲ ಸವರಿಸಿಬಿಡೋಣ ಅಂದುಕೊಂಡಿದ್ದೇನೆ. ಸರಿಯೇ? ಕಡಿದ ಜಾಗಕ್ಕೆ ಪೇಂಟ್ ಹಚ್ಚಬೇಕಾ? ಇನ್ನೊಂದು ವಿಷಯ. ಹೊಂಗೆ ಎಲೆ ತಮ್ಮ ಅಂಗಳಕ್ಕೆ ಬೀಳುತ್ತದೆ ಅಂತ ಪಕ್ಕದ ಮನೆಯವರ ಗೊಣಗಾಟ. ಮರದ ತಲೆಯನ್ನೇ ತೆಗೆಸಿ ಅನ್ನುತ್ತಾರೆ. ಏನು ಮಾಡಲಿ?
ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಮೇಡಂ, ಆಳಿಗೆ ಮುಂಗಡ ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೂ ಪರವಾಗಿಲ್ಲ, ಹೊಂಗೆ ಕೆಲಸಕ್ಕೆ ಜನವರಿಯಲ್ಲಿ ಬಾ ಅನ್ನಿ. ಮಾವಿನ ಮರಕ್ಕೆ ಮಾತ್ರ ಡಿಸೆಂಬರ್‌ನಲ್ಲಿ ಕತ್ತಿ ಹಾಕಿಸಬೇಡಿ. ಹಾಕಿಸಿದರೆ ಬರುವ ಬೇಸಿಗೆಯಲ್ಲಿ ಬಾದಾಮಿ ಹಣ್ಣನ್ನು ದೇವರಾಜ ಮಾರುಕಟ್ಟೆಯಿಂದಲೇ ತರಬೇಕಾಗುತ್ತದೆ.

ನಿಮ್ಮ ಮಗಳು ಹೇಳಿದ್ದು ತಪ್ಪಲ್ಲ, ಅವರ ಊರಿಗೆ ಅದು ಸರಿ. ಮಿಷಿಗನ್‌ನಲ್ಲಿ ಚಳಿಗಾಲ ಅಂದರೆ ನೆಲ ಹೆಪ್ಪುಗಟ್ಟುವ ಕಾಲ. ಮೇಪಲ್, ಓಕ್, ಸೇಬಿನಂಥ ಮರಗಳು ಎಲೆ ಉದುರಿಸಿ, ಆಹಾರವನ್ನು ಬೇರಿಗೂ ಕಾಂಡಕ್ಕೂ ಇಳಿಸಿ, ತಿಂಗಳುಗಟ್ಟಲೆ ಸುಮ್ಮನೆ ನಿಂತಿರುತ್ತವೆ. ಆಗ ಕೊಂಬೆ ಕತ್ತರಿಸಿದರೆ ಮರಕ್ಕೆ ಕಡಿಮೆ ನಷ್ಟ. ಎಲೆ ಇಲ್ಲದ್ದರಿಂದ ಯಾವ ಕೊಂಬೆ ಎಲ್ಲಿಗೆ ಹೋಗಿದೆ ಅನ್ನುವುದೂ ಚೆನ್ನಾಗಿ ಕಾಣುತ್ತದೆ. ಓಕ್ ಮರಕ್ಕಂತೂ ಅಲ್ಲಿ ಚಳಿಗಾಲದಲ್ಲೇ ಕತ್ತರಿ ಹಾಕಬೇಕು. ಏಪ್ರಿಲ್‌ನಿಂದ ಜುಲೈವರೆಗೆ ಕಡಿದರೆ ಹಸಿ ಗಾಯದ ವಾಸನೆಗೆ ಜೀರುಂಡೆಗಳು ಬಂದು ಓಕ್ ಸೊರಗು ರೋಗದ ಶಿಲೀಂಧ್ರವನ್ನು ಅಂಟಿಸಿಬಿಡುತ್ತವೆ. ಒಳ್ಳೆ ಮರ ಕೆಲವೇ ವಾರಗಳಲ್ಲಿ ಒಣಗಿಹೋಗುವುದುಂಟು. ನಿಮ್ಮ ಮಗಳ ಮನೆಯಲ್ಲಿ ಓಕ್ ಇದ್ದರೆ ಅವಳು ಮಾಡುತ್ತಿರುವುದು ಸರಿಯಾಗೇ ಇದೆ.

ನಮ್ಮಲ್ಲಿ ಆ ಚಳಿ ಎಲ್ಲಿದೆ? ಬೆಂಗಳೂರಿನ ಹವಾಮಾನ ದಾಖಲೆಯಲ್ಲಿ ಅತಿ ಹೆಚ್ಚು ಚಳಿ ಬಿದ್ದ ದಿನ 1884ರ ಜನವರಿ 13. ಅವತ್ತು 7.8 ಡಿಗ್ರಿ ಇತ್ತು. ಅಷ್ಟಾದರೂ ಬಕೆಟ್ಟಿನ ನೀರು ಗಟ್ಟಿಯಾಗಲ್ಲ. ಹಾಗಾಗಿ ನಮ್ಮ ಬಯಲುಸೀಮೆಯ ಮರಗಳಿಗೆ ಚಳಿಗೆ ಹೆದರಿ ಮಲಗುವ ಅಭ್ಯಾಸ ಇಲ್ಲ. ಅವು ಲೆಕ್ಕ ಇಡುವುದು ನೀರಿನದು. ಮಳೆ ನಿಂತು, ಮೂಡಗಾಳಿ ಬೀಸಿ, ನೆಲ ಒಣಗುತ್ತಾ ಬಂದ ಮೇಲೆ ಕೆಲವು ಮರ ಎಲೆ ಉದುರಿಸುತ್ತವೆ. ಅದು ಜನವರಿ, ಫೆಬ್ರವರಿ, ಕೆಲವಕ್ಕೆ ಮಾರ್ಚ್. ಇನ್ನು ಕೆಲವು ಇದೇ ಹೊತ್ತಿಗೆ ಹೂ ಬಿಡುತ್ತವೆ. ನಿಮ್ಮ ಕಾಂಪೌಂಡಿನ ಐದು ಮರ ಐದು ಥರ. ಎಲ್ಲಕ್ಕೂ ಒಂದೇ ದಿನ ಆಳು ಕರೆಸುವುದು ಅಂದರೆ, ಮನೆಯ ಐವರಿಗೂ ಒಂದೇ ಅಳತೆಯ ಚಪ್ಪಲಿ ತಂದ ಹಾಗೆ.

ಮೊದಲು ಮಾವು, ಯಾಕೆಂದರೆ ಚಳಿಗಾಲದಲ್ಲಿ ಜಾಸ್ತಿ ಹಾಳಾಗುವ ಮರ ಇದೇ. ನಾಳೆ ಬೆಳಿಗ್ಗೆ ಕೈಗೆಟುಕುವ ಒಂದು ರೆಂಬೆ ಬಗ್ಗಿಸಿ ತುದಿ ನೋಡಿ. ಕಡುಹಸಿರು ಎಲೆಗಳ ಗುಂಪಿನ ನಡುವೆ ಮೊಳೆಯ ತಲೆಯಷ್ಟು ದಪ್ಪದ ಮೊಗ್ಗು ಕೂತಿರುತ್ತದೆ. ಬೆರಳಿಂದ ಮುಟ್ಟಿದರೆ ಗಟ್ಟಿ. ಡಿಸೆಂಬರ್ ಕಳೆಯುತ್ತಿದ್ದ ಹಾಗೆ ಅದು ಊದಿಕೊಳ್ಳುತ್ತದೆ, ಆಮೇಲೆ ಕೆಂಪು ಛಾಯೆಯ ಹೂಗೊಂಚಲಾಗಿ ಬಿಚ್ಚಿಕೊಳ್ಳುತ್ತದೆ. ಮಾವು ಹೂ ಬಿಡುವುದು ಹೆಚ್ಚಾಗಿ ಆ ತುದಿಯಲ್ಲೇ. ಆ ತುದಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಚಿಗುರಿ, ನಾಲ್ಕೈದು ತಿಂಗಳು ಬಲಿತು, ರಾತ್ರಿಯ ತಂಪು ಸಿಕ್ಕ ಮೇಲೆ ಹೂವಿಗೆ ತಯಾರಾದದ್ದು. ನೀವು ಡಿಸೆಂಬರ್‌ನಲ್ಲಿ ಒಂದೊಂದು ರೆಂಬೆಯ ಒಂದೊಂದು ಅಡಿ ಸವರಿಸಿದರೂ ಮರ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಹೂವಿನ ಬದಲು ಬರೀ ಎಲೆ ಚಿಗುರು ಬರುತ್ತದೆ. ಆ ಚಿಗುರು ನೋಡಿ, ಸವರಿದ್ದಕ್ಕೆ ಮರ ಎಷ್ಟು ಸೊಂಪಾಯಿತು ಅಂತ ಖುಷಿಪಟ್ಟವರನ್ನೂ ನಾನು ಕಂಡಿದ್ದೇನೆ.

ಮಾವು ಸವರುವ ಕಾಲ ಹಣ್ಣು ಕಿತ್ತ ಮೇಲೆ. ನಿಮ್ಮ ಕಡೆ ಬಾದಾಮಿ ಮುಗಿಯುವುದು ಜೂನ್ ಹೊತ್ತಿಗೆ. ಮುಗಿದ ಕೂಡಲೇ, ಜುಲೈ ದಾಟದ ಹಾಗೆ, ಕೆಲಸ ಮಾಡಿಸಿ. 18 ವರ್ಷದ ಮರ ಅಂದರೆ ನಡುವೆ ದಟ್ಟವಾಗಿ ಕತ್ತಲು ಕಟ್ಟಿರುತ್ತದೆ. ಬುಡದಲ್ಲಿ ನಿಂತು ಮೇಲೆ ನೋಡಿ, ಆಕಾಶ ಕಾಣದಿದ್ದರೆ ನೇರ ಮೇಲಕ್ಕೆ ಹೋದ ಒಂದು ನಡುಗೊಂಬೆಯನ್ನು ಬುಡದಿಂದ ತೆಗೆಸಿ. ಒಂದೇ ಸಾಕು. ಇನ್ನೊಂದು ಬೇಕಿದ್ದರೆ ಮುಂದಿನ ವರ್ಷ. ಬಿಸಿಲು ಒಳಗೆ ಇಳಿದರೆ ಒಳಗಡೆಯ ರೆಂಬೆಗಳೂ ಹೂ ಬಿಡುತ್ತವೆ, ಜಿಗಿಹುಳುವಿನ ಕಾಟವೂ ಕಡಿಮೆ.

ಹಾಗಂತ ಡಿಸೆಂಬರ್‌ನಲ್ಲಿ ಮಾವಿನ ಮರದ ಹತ್ತಿರ ಹೋಗಲೇಬೇಡಿ ಅಂತಲ್ಲ. ಮಾಡಬಹುದಾದ ಕೆಲಸ ಇದೆ. ಪೂರ್ತಿ ಒಣಗಿದ ಕಡ್ಡಿ ಕೊಂಬೆ ತೆಗೆಸಬಹುದು. ಕಸಿ ಕಟ್ಟಿದ ಗಂಟಿನ ಕೆಳಗಿಂದ ಚಿಗುರು ಬಂದಿದ್ದರೆ ಕಿತ್ತುಹಾಕಿ, ಅದು ಕಾಡುಮಾವಿನದು. ಮುಖ್ಯವಾಗಿ ಬಂದಳಿಕೆ ಇದೆಯಾ ನೋಡಿ. ಮಾವಿನ ಎಲೆ ಉದ್ದ, ಮೊನಚು. ಅದರ ನಡುವೆ ಒಂದು ಕಡೆ ಮಾತ್ರ ದಪ್ಪನೆಯ, ಅಗಲದ, ಬೂದು ಛಾಯೆಯ ಎಲೆಗಳ ಕುಚ್ಚು ಕಂಡರೆ ಅದೇ. ಈ ಕಾಲದಲ್ಲಿ ಕೆಂಪು ಕೊಳವೆಯಂಥ ಹೂ ಬೇರೆ ಬಿಟ್ಟಿರುತ್ತದೆ, ಹಾಗಾಗಿ ಗುರುತು ಸುಲಭ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಹಕ್ಕಿಯೊಂದು ಅದರ ಹಣ್ಣು ತಿಂದು, ಅಂಟಂಟು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿಹೋಗುತ್ತದೆ. ಬೀಜ ಅಲ್ಲೇ ಮೊಳೆತು ಕೊಂಬೆಯೊಳಗೆ ಬೇರಿಳಿಸಿ ಮರದ ನೀರು ಕುಡಿಯುತ್ತದೆ. ಬರೀ ಬಂದಳಿಕೆಯನ್ನು ಮುರಿದರೆ ಮತ್ತೆ ಚಿಗುರುತ್ತದೆ. ಅದು ಅಂಟಿದ ಜಾಗಕ್ಕಿಂತ ಒಂದು ಗೇಣು ಕೆಳಗೆ, ಆ ರೆಂಬೆಯನ್ನೇ ಕತ್ತರಿಸಿ. ಹಣ್ಣಾಗುವ ಮೊದಲೇ ತೆಗೆದರೆ ನಿಮ್ಮ ಬೀದಿಯ ಬೇರೆ ಮರಗಳೂ ಬಚಾವ್.

ಕಾಂಡದ ಸುತ್ತಲೂ ಒಂದು ಸಲ ಬಗ್ಗಿ ನೋಡಿ. ತೊಗಟೆಯ ಸಂದಿಯಿಂದ ಮರದ ಹೊಟ್ಟಿನಂಥ ಪುಡಿ ಉದುರಿದ್ದರೆ ಒಳಗೆ ಕಾಂಡ ಕೊರೆಯುವ ಹುಳು ಇದೆ ಅಂತ ಅರ್ಥ. ಹಳೆ ಸೈಕಲ್ ಕಡ್ಡಿ ತೂರಿಸಿ ಹುಳುವನ್ನು ಚುಚ್ಚಿ ಎಳೆದು, ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ, ಜೇಡಿಮಣ್ಣಿನಿಂದ ಬಾಯಿ ಮುಚ್ಚಿ. ಮಣ್ಣಿನ ಗೆರೆ ಎಳೆದ ಗೆದ್ದಲಿಗೆ ಗಾಬರಿಯಾಗಬೇಡಿ. ಅದು ತಿನ್ನುವುದು ಹೆಚ್ಚಾಗಿ ಸತ್ತ ತೊಗಟೆ. ಗೋಣಿಚೀಲದಲ್ಲಿ ಒರೆಸಿಹಾಕಿ, ಸಾಕು.

ನೀರಿನ ವಿಷಯದಲ್ಲೂ ಮಾವು ತಿರುಗುಮುರುಗು. ನವೆಂಬರ್, ಡಿಸೆಂಬರ್‌ನಲ್ಲಿ ಅದಕ್ಕೆ ನೀರು ಬಿಡಬೇಡಿ. ಹೂವಿಗೆ ಮುಂಚೆ ಬಾಯಾರಿಕೆ ಬೇಕು ಅದಕ್ಕೆ. ಪೈಪ್ ಬಿಟ್ಟರೆ ಎಲೆ ಚಿಗುರೊಡೆದು ಕೂರುತ್ತದೆ. ಕಾಯಿ ಬಟಾಣಿ ಗಾತ್ರ ಆದ ಮೇಲೆ ವಾರಕ್ಕೊಮ್ಮೆ ಪಾತಿ ತುಂಬಾ ಕೊಡಿ. ಹೂಗೊಂಚಲ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಕಂಡರೆ ಬೂದಿರೋಗ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ ಬೆರೆಸಿ ಸಿಂಪಡಿಸಬಹುದು. ಹೂ ಪೂರ್ತಿ ಅರಳಿ ಜೇನುಹುಳು ಓಡಾಡುವಾಗ ಮಾತ್ರ ಬೇಡ.

ಈಗ ಹೊಂಗೆ. ಇದು ನಿಮ್ಮ ಮಗಳ ಮಾತಿಗೆ ಒಪ್ಪುವ ಮರ. ಜನವರಿ ಕೊನೆ, ಫೆಬ್ರವರಿ ಹೊತ್ತಿಗೆ ಎಲೆ ಹಳದಿಯಾಗಿ ಉದುರುತ್ತದೆ, ಯುಗಾದಿ ಬರುವಷ್ಟರಲ್ಲಿ ತಿಳಿಹಸಿರು ಚಿಗುರು. ಈ ಎರಡರ ನಡುವೆ, ಅಥವಾ ಅದಕ್ಕೆ ಸ್ವಲ್ಪ ಮುಂಚೆ ಸವರಿದರೆ ಒಳ್ಳೆಯದು. ಗಾಳಿ ಒಣಗಿರುತ್ತದೆ, ಹಾಗಾಗಿ ಗಾಯಕ್ಕೆ ಬೂಷ್ಟು ಹಿಡಿಯುವುದು ಕಡಿಮೆ. ಇನ್ನೊಂದು ಕಾರಣ ಅಶ್ವಿನಿ, ಭರಣಿ ಮಳೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಹೊತ್ತು ಗುಡುಗು ಬಿರುಗಾಳಿ ಸಮೇತ ಬರುತ್ತವಲ್ಲ, ಮೈಸೂರು ಬೆಂಗಳೂರಿನಲ್ಲಿ ಕಾರುಗಳ ಮೇಲೆ ಕೊಂಬೆ ಮುರಿದು ಬೀಳುವುದು ಹೆಚ್ಚಾಗಿ ಆಗಲೇ. ಒಣಕೊಂಬೆ, ಬಿರುಕು ಬಿಟ್ಟ ಕೊಂಬೆ, ಮನೆಯ ತಾರಸಿಗೆ ಉಜ್ಜುವ ಕೊಂಬೆ ಇವನ್ನು ಅದಕ್ಕೆ ಮೊದಲೇ ಇಳಿಸಿಬಿಟ್ಟರೆ ನಿಶ್ಚಿಂತೆ. ಗುಲ್‌ಮೊಹರ್ ಇರುವವರಿಗೆ ಈ ಮಾತು ಎರಡರಷ್ಟು. ಅದರ ಕೊಂಬೆ ಬಲು ಪೆಡಸು, ಬೇರೂ ಮೇಲುಮೇಲೆ.

ಎಷ್ಟು ತೆಗೆಯಬೇಕು? ಹಸಿರಿನ ಕಾಲು ಭಾಗಕ್ಕಿಂತ ಜಾಸ್ತಿ ಬೇಡ. ಎಲೆ ಮರದ ಅಡುಗೆಮನೆ. ಅರ್ಧ ಅಡುಗೆಮನೆ ಒಡೆದು ಊಟಕ್ಕೆ ಕೂರಿಸಿದರೆ ಹೇಗೆ? ಪಕ್ಕದ ಮನೆಯವರು ಹೇಳುವ ಹಾಗೆ ತಲೆ ತೆಗೆಸಿದರೆ ಮರ ಗಾಬರಿಬಿದ್ದು ಕಡಿದ ಮೋಟಿನ ಸುತ್ತ ಹತ್ತಿಪ್ಪತ್ತು ಚಿಗುರು ಎಬ್ಬಿಸುತ್ತದೆ. ಎರಡು ವರ್ಷದಲ್ಲಿ ಮೊದಲಿನಷ್ಟೇ ಎತ್ತರ, ಮೊದಲಿಗಿಂತ ಜಾಸ್ತಿ ಎಲೆ. ಆದರೆ ಆ ಚಿಗುರುಗಳು ಕಾಂಡದ ತಿರುಳಿನಿಂದ ಬಂದವಲ್ಲ, ತೊಗಟೆಯ ಅಂಚಿಗೆ ಅಂಟಿಕೊಂಡಂತೆ ಬೆಳೆದವು. ದಪ್ಪ ಆದ ಮೇಲೆ ಗಾಳಿಗೆ ಮೊದಲು ಕಳಚಿ ಬೀಳುವುದು ಅವೇ. ಕೆಳಗಡೆ ಮೋಟಿನಲ್ಲಿ ನೀರು ನಿಂತು ಕೊಳೆತಿರುತ್ತದೆ. ತಲೆ ಕಡಿಸಿದ ಮರ ಕಡಿಸದೇ ಇದ್ದ ಮರಕ್ಕಿಂತ ಅಪಾಯ. ಇದನ್ನು ಅವರಿಗೆ ಹೇಳಿ.

ಹೇಗೆ ಕಡಿಯಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಲಸದ ದಿನ ನೀವು ಕುರ್ಚಿ ಹಾಕಿಕೊಂಡು ಅಲ್ಲೇ ಕೂರಬೇಕು, ನೋಡಿಕೊಳ್ಳಬೇಕು. ಕೊಂಬೆ ಕಾಂಡಕ್ಕೆ ಸೇರುವ ಜಾಗ ಗಮನಿಸಿ. ಅಲ್ಲಿ ಬಳೆಯ ಹಾಗೆ ಸ್ವಲ್ಪ ಉಬ್ಬಿರುತ್ತದೆ, ಮೇಲ್ಗಡೆ ತೊಗಟೆ ಸುಕ್ಕುಗಟ್ಟಿರುತ್ತದೆ. ಅಂಗಿಯ ತೋಳು ಭುಜಕ್ಕೆ ಸೇರುವ ಹೊಲಿಗೆ ಅಂದುಕೊಳ್ಳಿ. ಹೊಲಿಗೆಯಿಂದ ಆಚೆ, ತೋಳಿನ ಕಡೆಗೆ, ಹೊಲಿಗೆಗೆ ತಾಗಿಯೇ ಗರಗಸ ಇಳಿಯಬೇಕು. ಉಬ್ಬನ್ನು ಸೇರಿಸಿ ಕಾಂಡಕ್ಕೆ ಸಪಾಟಾಗಿ ಹೆರೆದರೆ ಗಾಯ ಮುಚ್ಚುವುದು ಕಷ್ಟ, ಯಾಕೆಂದರೆ ಮುಚ್ಚುವ ಶಕ್ತಿ ಇರುವುದೇ ಆ ಉಬ್ಬಿನಲ್ಲಿ. ಒಂದಡಿ ಮೋಟು ಬಿಟ್ಟರೆ ಅದು ಒಣಗಿ, ಕೊಳೆತು, ಕೊಳೆ ಕಾಂಡದೊಳಗೆ ಇಳಿಯುತ್ತದೆ.

ಕೈತೋಳಿನಷ್ಟು ದಪ್ಪದ ಕೊಂಬೆಯಾದರೆ ಮೂರು ಸಲ ಗರಗಸ ಹಾಕಬೇಕು. ಮೊದಲು ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ಮೇಲಕ್ಕೆ, ಕೊಂಬೆಯ ಮೂರನೇ ಒಂದು ಭಾಗ. ಆಮೇಲೆ ಅದಕ್ಕಿಂತ ಎರಡು ಇಂಚು ಆಚೆ, ಮೇಲಿನಿಂದ ಕೆಳಕ್ಕೆ. ಕೊಂಬೆ ಅಲ್ಲೇ ತುಂಡಾಗಿ ಬೀಳುತ್ತದೆ. ಉಳಿದ ಮೋಟನ್ನು ಕೊನೆಗೆ ಹೊಲಿಗೆಯ ಹತ್ತಿರ ನಿಧಾನಕ್ಕೆ ತೆಗೆಯುವುದು. ಇಷ್ಟೆಲ್ಲ ಯಾಕೆ, ಒಂದೇ ಏಟಿಗೆ ಹೋಗಲ್ವಾ ಅಂತ ಆಳು ಕೇಳುತ್ತಾನೆ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ. ನಮ್ಮ ಮನೆಯ ಸಂಪಿಗೆ ಮರದ ಒಂದು ಕೊಂಬೆಗೆ ಮೇಲಿನಿಂದ ಒಂದೇ ಸಲ ಗರಗಸ ಎಳೆದೆ. ಮುಕ್ಕಾಲು ತುಂಡಾಗುವಷ್ಟರಲ್ಲಿ ಕೊಂಬೆ ತನ್ನ ಭಾರಕ್ಕೆ ಕೆಳಗೆ ಜೋತು, ಬಾಳೆಪಟ್ಟೆ ಸುಲಿದ ಹಾಗೆ ಕಾಂಡದ ತೊಗಟೆಯನ್ನು ನಾಲ್ಕು ಅಡಿ ಸುಲಿದುಕೊಂಡು ಬಿತ್ತು. ಅಮ್ಮ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆ ಮರ ಬದುಕಿತು, ಆದರೆ ಆ ಮಗ್ಗುಲು ಕೊನೆಗೂ ಟೊಳ್ಳೇ.

ಮಚ್ಚು, ಕೊಡಲಿ ಬೇಡ ಅನ್ನುವುದೂ ಇದಕ್ಕೇ. ಮಚ್ಚಿನ ಏಟಿಗೆ ಸೀಳು ಬಿಡುತ್ತದೆ. ಹಸಿ ಮರಕ್ಕೆ ಹಲ್ಲು ದೊಡ್ಡದಿರುವ ಬಾಗಿದ ಕೈಗರಗಸ ಸಿಗುತ್ತದೆ. ಹೆಬ್ಬೆರಳಿಗಿಂತ ಸಣ್ಣ ರೆಂಬೆಗೆ ನರ್ಸರಿಯವರು ಸಿಕೇಚರ್ ಅನ್ನುವ ಕತ್ತರಿ ಸಾಕು. ಒಂದು ಮರ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ.

ಗಾಯಕ್ಕೆ ಪೇಂಟ್ ಕೇಳಿದ್ದೀರಿ. ಹೊಂಗೆಗೆ, ಜನವರಿಯಲ್ಲಿ, ಏನೂ ಬೇಡ. ಪೇಂಟೂ ಬೇಡ, ಟಾರೂ ಬೇಡ, ಸಗಣಿಯೂ ಬೇಡ. ನಮ್ಮ ಚರ್ಮಕ್ಕೆ ಆದ ಗಾಯದ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಒಳಗಡೆ ಗೋಡೆ ಕಟ್ಟಿ ಆ ಭಾಗವನ್ನು ಬೇರೆ ಮಾಡುತ್ತದೆ, ಹೊರಗಡೆ ಹೊಸ ತೊಗಟೆ ಸುತ್ತಲಿಂದ ಉರುಳಿಕೊಂಡು ಬಂದು ಮುಚ್ಚುತ್ತದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೀಗೊ ಅನ್ನುವವರು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ 1970ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಪೇಂಟ್ ಹಚ್ಚಿದರೆ ಕೊಳೆ ನಿಲ್ಲುವುದಿಲ್ಲ, ಎಷ್ಟೋ ಸಲ ಅದರಡಿ ತೇವ ಉಳಿದು ಕೊಳೆಗೆ ಅನುಕೂಲ ಆಗುತ್ತದೆ.

ಆದರೆ ಜುಲೈನಲ್ಲಿ ಮಾವು ಸವರಿಸುತ್ತೀರಲ್ಲ, ಆಗ ಲೆಕ್ಕ ಬೇರೆ. ಮಳೆ ಜಿನುಗುತ್ತಿರುತ್ತದೆ, ಶಿಲೀಂಧ್ರಕ್ಕೆ ಹಬ್ಬ. ಆಗ ಬೋರ್ಡೊ ಮುಲಾಮು ಹಚ್ಚುವುದು ಒಳ್ಳೆಯದು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಅರಳಿಸಿ, ಆರಿದ ಮೇಲೆ ಎರಡನ್ನೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆರೆಸಿ. ಕಬ್ಬಿಣದ ಪಾತ್ರೆ ಬೇಡ. ತೊಳೆದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅವತ್ತೇ ಬಳಸಿ ಮುಗಿಸಬೇಕು, ನಾಳೆಗೆ ಇಟ್ಟರೆ ಕೆಲಸ ಮಾಡಲ್ಲ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇದರ ತೆಳು ರೂಪವನ್ನೇ ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಹೇಳಿಕೊಟ್ಟರು. ಇವತ್ತಿಗೂ ಮಳೆಗಾಲ ಬಂದರೆ ಅಲ್ಲಿ ಔಷಧಿ ಹೊಡೆಯುವುದು ಅಂದರೆ ಅದೇ.

ತೆಂಗು: ಒಣಗಿ ಜೋತ ಗರಿ ಮತ್ತು ಬಲಿತ ಕಾಯಿ, ಇವೆರಡನ್ನು ಬಿಟ್ಟು ಏನನ್ನೂ ಕಡಿಸಬೇಡಿ. ಚೊಕ್ಕ ಕಾಣಲಿ ಅಂತ ಹಸಿರು ಗರಿ ಕಡಿದು ಸುಳಿಯ ಸುತ್ತ ನಾಲ್ಕೈದು ಗರಿ ಉಳಿಸುವುದನ್ನು ನೋಡಿದ್ದೇನೆ, ಪೊರಕೆ ನಿಲ್ಲಿಸಿದ ಹಾಗೆ ಕಾಣುತ್ತದೆ. ಒಂದೊಂದು ಗರಿಯ ಬುಡದಲ್ಲೂ ಒಂದೊಂದು ಹೊಂಬಾಳೆ. ಗೊನೆಗೆ ಆಸರೆಯೂ ಆ ಗರಿಯೇ. ಜೊತೆಗೆ ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ. ಅದು ಒಳಗೆ ಸೇರಿದ್ದು ನಿಮಗೆ ಗೊತ್ತಾಗುವ ಹೊತ್ತಿಗೆ ಸುಳಿ ಬಾಗಿರುತ್ತದೆ. ವಿದ್ಯುತ್ ತಂತಿಗೆ ತಾಗುತ್ತದೆ ಅಂತಲೋ ಏನೋ ಹಸಿ ಗರಿ ತೆಗೆಯಲೇಬೇಕಾದರೆ ಕಾಂಡದಿಂದ ಮೂರು ನಾಲ್ಕು ಅಡಿ ದಿಂಡು ಬಿಟ್ಟು ಕಡಿಸಿ.

ನುಗ್ಗೆಗೆ ಈಗ ಕೈ ಹಾಕಬೇಡಿ, ಹೂವಿನ ಕಾಲ ಬರುತ್ತಿದೆ. ಕಾಯಿ ಮುಗಿದ ಮೇಲೆ ಎದೆಯೆತ್ತರಕ್ಕೆ ಕಡಿದರೂ ಚಿಗುರುತ್ತದೆ, ಅದರಷ್ಟು ಗಟ್ಟಿಜೀವ ಇನ್ನೊಂದಿಲ್ಲ. ಯಾರನ್ನೂ ಅದರ ಮೇಲೆ ಹತ್ತಿಸಬೇಡಿ ಅಷ್ಟೇ. ಪಾರಿಜಾತದ ಹೂ ನಿಂತಿದ್ದರೆ ಜನವರಿ, ಫೆಬ್ರವರಿಯಲ್ಲಿ ಧಾರಾಳವಾಗಿ ಸವರಬಹುದು. ಹೊಸ ಚಿಗುರಿನಲ್ಲೇ ಹೂ ಬಿಡುವ ಗಿಡ ಅದು. ಬೇವಿನ ಮರ ಇರುವವರು ಈ ಉತ್ತರ ಓದುತ್ತಿದ್ದರೆ ಒಂದು ಮಾತು: ಫೆಬ್ರವರಿಯಲ್ಲಿ ಬೋಳಿಸಿದರೆ ಯುಗಾದಿಯ ಬೇವುಬೆಲ್ಲಕ್ಕೆ ಹೂ ಹುಡುಕಿಕೊಂಡು ಬೇರೆಯವರ ಮನೆಗೆ ಹೋಗಬೇಕು.

ಆಳಿನ ಜೊತೆ ಮಾತಾಡುವಾಗ ಒಂದು ಸೂಕ್ಷ್ಮ ಇದೆ. "ಸೌದೆ ನೀನೇ ತಗೊಂಡು ಹೋಗು, ಕೂಲಿ ಕಡಿಮೆ ಮಾಡಿಕೋ" ಅಂತ ಸುಮಾರು ಜನ ಒಪ್ಪಂದ ಮಾಡಿಕೊಳ್ಳುತ್ತಾರೆ. ನೋಡಲಿಕ್ಕೆ ಲಾಭ. ಆದರೆ ಅವನಿಗೆ ದುಡ್ಡು ಸಿಗುವುದು ದಪ್ಪ ಕೊಂಬೆಯಲ್ಲಿ, ಒಣಕಡ್ಡಿಯಲ್ಲಲ್ಲ. ಹಾಗಾಗಿ ಉಳಿಯಬೇಕಾದ್ದು ಹೋಗುತ್ತದೆ, ಹೋಗಬೇಕಾದ್ದು ಉಳಿಯುತ್ತದೆ. ಪೂರ್ತಿ ದಿನದ ಕೂಲಿ ಕೊಡಿ, ಸೌದೆ ಆಮೇಲೆ ಬೇಕಾದರೆ ಸುಮ್ನೆ ಕೊಡಿ. ತೆಗೆಯಬೇಕಾದ ಕೊಂಬೆಗೆಲ್ಲ ಹಿಂದಿನ ದಿನವೇ ಹಳೆ ಸೀರೆಯ ಅಂಚಿನ ಚೂರು ಕಟ್ಟಿಸಿಡಿ. ಬಟ್ಟೆ ಇಲ್ಲದ ಕೊಂಬೆ ಮುಟ್ಟಬೇಡ ಅನ್ನಿ.

ಮರ ಹತ್ತುವ ಮುಂಚೆ ಐದು ನಿಮಿಷ ಮೇಲೆ ನೋಡಲಿ. ಈ ಕಾಲದಲ್ಲಿ ಎತ್ತರದ ಕೊಂಬೆಗಳಲ್ಲಿ ಹೆಜ್ಜೇನು ಕಟ್ಟಿರುವುದುಂಟು. ಗೂಡು ಇದ್ದರೆ ಕೆಲಸ ಮುಂದಕ್ಕೆ ಹಾಕಿ, ಹೊಗೆ ಹಾಕಿ ಓಡಿಸುವ ಸಾಹಸ ಬೇಡ. ಹದ್ದು ಗೂಡು ಕಟ್ಟುವುದೂ ಚಳಿಗಾಲದಲ್ಲೇ. ಒಣಕೊಂಬೆಯಲ್ಲಿ ನಾಲ್ಕಾಣೆ ಬಿಲ್ಲೆಗಿಂತ ಸ್ವಲ್ಪ ದೊಡ್ಡ, ಗುಂಡನೆಯ ತೂತು ಕಂಡರೆ ಅದು ಕುಟ್ರು ಹಕ್ಕಿಯ ಮನೆ. ಕೆಳಗೆ ಕಾರು, ಜನ ಓಡಾಡದ ಜಾಗವಾದರೆ ಆ ಕೊಂಬೆಯನ್ನು ಹಾಗೇ ಬಿಡಿ.

ವಿದ್ಯುತ್ ತಂತಿ ಹತ್ತಿರ ಇದ್ದರೆ ಮಾತೇ ಇಲ್ಲ, 1912ಕ್ಕೆ ಫೋನ್ ಮಾಡಿ ಲೈನ್‌ಮನ್ ಬಂದು ಸರಬರಾಜು ನಿಲ್ಲಿಸುವವರೆಗೆ ಯಾರೂ ಹತ್ತಬಾರದು. ಅಲ್ಯುಮಿನಿಯಂ ದೋಟಿ ಹಗುರ ಅಂತ ಈಗ ಎಲ್ಲರ ಮನೆಯಲ್ಲೂ ಬಂದಿದೆ. ತಂತಿಗೆ ತಾಗಿದರೆ ಪ್ರಾಣವೇ ಹೋಗುತ್ತದೆ. ಒಣಗಿದ ಬಿದಿರಿನ ದೋಟಿ ಅದಕ್ಕಿಂತ ವಾಸಿ, ಆದರೂ ತಂತಿಯ ಹತ್ತಿರ ಅದೂ ಬೇಡ. ಹಸಿ ಬಿದಿರಿನಲ್ಲೂ ಕರೆಂಟ್ ಹರಿಯುತ್ತದೆ.

ಕಾನೂನಿನ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಮನೆ, ನಮ್ಮ ಮರ ಅಂತ ಕಡಿಯುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗದ ಮರಕ್ಕೂ ಅನ್ವಯಿಸುತ್ತದೆ. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕಾಯ್ದೆಯ ಪ್ರಕಾರ ಕಡಿಯುವುದು ಅಂದರೆ ಬುಡಕ್ಕೆ ಕೊಡಲಿ ಹಾಕುವುದಷ್ಟೇ ಅಲ್ಲ. ತಲೆ ತೆಗೆಯುವುದು, ಕೊಂಬೆಗಳನ್ನು ಬೋಳಿಸುವುದು, ತೊಗಟೆ ಸುಲಿಯುವುದು, ಔಷಧಿ ಹಾಕಿ ಒಣಗಿಸುವುದು ಎಲ್ಲವೂ ಅದರಲ್ಲಿ ಸೇರಿದೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗೆ ವಿನಾಯಿತಿ ಉಂಟು. ಒಣಕೊಂಬೆ ಇಳಿಸುವುದು ಬೇರೆ, ಹಸಿರು ದೊಡ್ಡ ಕೊಂಬೆ ತೆಗೆಯುವುದು ಬೇರೆ. ಹೊಂಗೆಯಲ್ಲಿ ದಪ್ಪ ಕೊಂಬೆ ಇಳಿಸುವುದಿದ್ದರೆ ಮೊದಲೇ ಅರಣ್ಯ ಇಲಾಖೆಯಲ್ಲಿ ಒಂದು ಅರ್ಜಿ ಕೊಟ್ಟುಬಿಡಿ, ಫೋಟೋ ಲಗತ್ತಿಸಿ. ನಿಮ್ಮ ಹೊಂಗೆ ಗೇಟಿನ ಒಳಗಿದೆ ಅಂದಿರಿ. ಗೇಟಿನ ಹೊರಗೆ, ಫುಟ್‌ಪಾತಿನಲ್ಲಿ ಇದ್ದಿದ್ದರೆ ಅದಕ್ಕೆ ಕೈ ಹಚ್ಚುವ ಹಕ್ಕೇ ನಿಮಗಿರುತ್ತಿರಲಿಲ್ಲ.

ಸವರಿದ ಮೇಲೆ ಮರದ ಬುಡ ಒಮ್ಮೆ ನೋಡಿ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗ ಕಾಂಡಕ್ಕೆ ಒತ್ತಿ ಕಲ್ಲು ಕೂರಿಸಿದ್ದರೆ ಸುತ್ತ ಮೂರು ಅಡಿಯಾದರೂ ಕಿತ್ತು ಮಣ್ಣು ಬಿಡಿ. ದೀಪಾವಳಿಗೆ ಸೀರಿಯಲ್ ಲೈಟ್ ಕಟ್ಟಿದ ತಂತಿ ಕಾಂಡಕ್ಕೆ ಹಾಗೇ ಉಳಿದಿದ್ದರೆ ಇವತ್ತೇ ಬಿಚ್ಚಿಸಿ. ಮರ ದಪ್ಪ ಆಗುತ್ತಾ ತಂತಿ ತೊಗಟೆಯೊಳಗೆ ಹೂತು, ನಿಧಾನಕ್ಕೆ ಕತ್ತು ಹಿಸುಕುತ್ತದೆ. ಕೊಂಬೆ ಇಳಿಸಿದ್ದರಿಂದ ಕಾಂಡಕ್ಕೆ ಇದ್ದಕ್ಕಿದ್ದ ಹಾಗೆ ಪಡುವಣ ಬಿಸಿಲು ಬೀಳುತ್ತಿದ್ದರೆ ತೆಳ್ಳಗೆ ಸುಣ್ಣ ಬಳಿಯಿರಿ, ತೊಗಟೆ ಸುಟ್ಟು ಬಿರಿಯುವುದು ತಪ್ಪುತ್ತದೆ.

ಉಳಿದದ್ದು ಪಕ್ಕದ ಮನೆಯವರು. ಎಷ್ಟು ಸವರಿಸಿದರೂ ಫೆಬ್ರವರಿಯಲ್ಲಿ ಹೊಂಗೆ ಎಲೆ ಉದುರೇ ಉದುರುತ್ತದೆ. ಎರಡು ಮೂರು ವಾರದ ಕಾಟ ಅದು. ಅವರ ತಾರಸಿಯ ಮೇಲೆ ಚಾಚಿದ ಒಂದು ಕೊಂಬೆಯನ್ನು ಅವರೆದುರೇ ತೆಗೆಸಿ, ಅರ್ಧ ಜಗಳ ಅಲ್ಲಿಗೆ ಮುಗಿಯುತ್ತದೆ. ಉದುರುವ ವಾರಗಳಲ್ಲಿ ಬೆಳಿಗ್ಗೆ ನಿಮ್ಮ ಕೆಲಸದವಳು ಅವರ ಅಂಗಳವನ್ನೂ ಗುಡಿಸಿ ತರಗೆಲೆಯನ್ನು ಗೋಣಿಚೀಲಕ್ಕೆ ತುಂಬಿಸಲಿ. ಸುಡಬೇಡಿ. ರೈತರು ಗದ್ದೆಗೆ ಹೊಂಗೆ ಸೊಪ್ಪು ಹಾಕುತ್ತಿದ್ದದ್ದು ಸುಮ್ನೆ ಅಲ್ಲ. ಒಂದು ಪದರ ಎಲೆ, ಒಂದು ಹಿಡಿ ಮಣ್ಣು, ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿ ಚೀಲವನ್ನು ನೆರಳಿಗೆ ಇಟ್ಟರೆ ಮುಂದಿನ ಮಳೆಗಾಲಕ್ಕೆ ಕಪ್ಪು ಗೊಬ್ಬರ. ಪಕ್ಕದ ಮನೆಯ ತಾರಸಿಯಲ್ಲಿ ಹೂಕುಂಡಗಳಿದ್ದರೆ ಮೊದಲ ಚೀಲ ಅವರಿಗೇ ಕೊಡಿ.